ಗಂಗಿಯ ಹೊಟ್ಟೆಯ ಕಬ್ಬಿಣ

ಓದಿ ಮುಗಿದ ವಾರಪತ್ರಿಕೆಗಳನ್ನು ರದ್ದಿಗೆ ಹಾಕುವ ಮೊದಲು ಅವುಗಳ ಬೆನ್ನಿನ ಪಿನ್ನುಗಳನ್ನು ಕಿತ್ತು ತೆಗೆಯುವುದು ನನ್ನ ಅಭ್ಯಾಸ. ರಾಮತೀರ್ಥ ನಗರದ ನಮ್ಮ ಮನೆಯ ಕಪಾಟಿನಲ್ಲಿ ಈ ಪಿನ್ನುಗಳಿಗೆಂದೇ ಒಂದು ಹಳೆಯ ಚಹಾಪುಡಿ ಡಬ್ಬಿ ಇದೆ. ಅದು ಈವರೆಗೆ ಎರಡು ಸಲ ತುಂಬಿದೆ. "ಬ್ಯಾರೇ ಗಂಡಸರು ರಿಟೈರ್ ಆದಮ್ಯಾಲ ಜಪಮಣಿ ಹಿಡೀತಾರ, ನೀವು ಪಿನ್ನು ಹಿಡದೀರಿ" ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಅಲ್ಲಗಳೆಯುವುದಿಲ್ಲ. ಕಾರಣ ಹೇಳಲು ಹೊರಟರೆ ಒಂದು ಎಮ್ಮೆಯ ಹೆಸರು ಹೇಳಬೇಕಾಗುತ್ತದೆ. ಎಮ್ಮೆಯ ಹೆಸರು ಹೇಳಿದರೆ ನಾನು ಬರೆದ ಒಂದು ಸುದ್ದಿಯನ್ನೂ ಹೇಳಬೇಕಾಗುತ್ತದೆ. ಇಷ್ಟು ವರ್ಷ ತಪ್ಪಿಸಿಕೊಂಡದ್ದು ಸಾಕು, ಇವತ್ತು ಹೇಳಿಬಿಡುತ್ತೇನೆ.

ಲೋಹವನ್ನು ಇದ್ದ ಜಾಗದಲ್ಲೇ ಪತ್ತೆ ಮಾಡುವ ವಿದ್ಯೆ ಬೆಳಗಾವಿಗೆ ಹೊಸದಲ್ಲ. ಪೇಟೆಯ ಸರಾಫರು ಒರೆಗಲ್ಲನ್ನು ಕಿಸೆಯಲ್ಲಿ ಇಟ್ಟುಕೊಂಡು ಮದುವೆ ಮನೆಗೇ ಹೋಗಿ ಬಂಗಾರ ನೋಡಿ ಬರುತ್ತಿದ್ದರು. ನಮ್ಮ ಅವ್ವ ಪಾತ್ರೆ ಅಂಗಡಿಯಲ್ಲಿ ತಂಬಿಗೆಯನ್ನು ಬೆರಳಿನ ಗೆಣ್ಣಿನಿಂದ ಬಾರಿಸಿ ಕಿವಿಗೆ ಹಿಡಿಯುತ್ತಿದ್ದಳು. ನಾದ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದರ ಮೇಲೆ ಅಂಗಡಿಯವನ ಮಾತು ಎಷ್ಟು ಖರೆ ಎಂದು ತೀರ್ಮಾನಿಸುತ್ತಿದ್ದಳು. ಕೋಟೆಯ ಹತ್ತಿರ ಮೋಡಕಾ ವ್ಯಾಪಾರ ಮಾಡುತ್ತಿದ್ದ ಹಿರಿಯರೊಬ್ಬರು, ಅಂದರೆ ಮುರುಕು ಲೋಹ ಕೊಳ್ಳುವವರು, ಸುತಳಿಗೆ ಅಯಸ್ಕಾಂತ ಕಟ್ಟಿ ರಾಶಿಯ ಮೇಲೆ ಆಡಿಸುತ್ತ "ಚಿಪಕ್ಯಾ ತೋ ಲೋಹಾ, ನೈ ತೋ ಮಾಲ್" ಎನ್ನುತ್ತಿದ್ದರು. ಅಂಟಿಕೊಂಡರೆ ಬರೀ ಕಬ್ಬಿಣ, ಅಂಟದಿದ್ದರೆ ಬೆಲೆಬಾಳುವ ಸರಕು. ನಮ್ಮ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವವರು ಹೊಸ ಮೊಳೆಗೆ ಉಗುರು ಒತ್ತಿ ಸೀಸ ಹೆಚ್ಚಾಗಿದೆಯೋ ಇಲ್ಲವೋ ಹೇಳಬಲ್ಲವರಾಗಿದ್ದರು. ಈ ಸಾಧನಗಳಿಗೆಲ್ಲ ಒಂದು ಒಳ್ಳೆಯ ಗುಣವಿತ್ತು. ಅವು ತಾವಾಗಿ ಮಾತಾಡುತ್ತಿರಲಿಲ್ಲ. ಕಲ್ಲು ಹಿಡಿದವನೇ ಹೇಳಬೇಕು, ಹೇಳಿದ್ದಕ್ಕೆ ಅವನೇ ಹೊಣೆ.

ಮಾತಾಡುವ ಸಾಧನವನ್ನು ನಾನು ಮೊದಲು ನೋಡಿದ್ದು ಖಾನಾಪುರದಲ್ಲಿ, ಎಂಬತ್ತರ ದಶಕದ ಆರಂಭದ ವರ್ಷಗಳಲ್ಲಿ. ಆಗ ನಾನು ಬೆಳಗಾವಿಯ ಒಂದು ಕನ್ನಡ ದಿನಪತ್ರಿಕೆಯ ವರದಿಗಾರ. ಶಿವಬಸವ ನಗರದ ಒಂದು ಬಾಡಿಗೆ ಕೋಣೆಯಲ್ಲಿ ವಾಸ. ಖಾನಾಪುರದಲ್ಲಿ ದೇಸಾಯಿ ಎಂಬ ದನದ ಡಾಕ್ಟರಿದ್ದರು. ಸೈನ್ಯದ ಕುದುರೆ, ಹೇಸರಗತ್ತೆಗಳಿಗೆ ಔಷಧ ಕೊಟ್ಟು ನಿವೃತ್ತರಾದವರು. ಮನೆಯ ಪಕ್ಕದ ತಗಡಿನ ಚಪ್ಪರದಲ್ಲಿ ಸುತ್ತಲಿನ ಹಳ್ಳಿಗಳ ದನ ನೋಡುತ್ತಿದ್ದರು. ಅವರ ಕೈಕೆಳಗೆ ಮೌಲಾಸಾಬ ಎಂಬ ಕಂಪೌಂಡರ್. ಎಮ್ಮೆಯ ಮೂಗು ಹಿಡಿಯುವುದರಲ್ಲಿ ಆ ತಾಲೂಕಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಡಾಕ್ಟರು ತಮ್ಮ ಹಳೆಯ ಸೈನ್ಯದ ಗೆಳೆಯರೊಬ್ಬರ ಮೂಲಕ ಒಂದು ಯಂತ್ರ ತರಿಸಿದ್ದರು. ಕೊಡೆಯಷ್ಟು ಉದ್ದದ ಕೋಲು, ತುದಿಗೆ ಒಂದು ತಟ್ಟೆ, ಹೆಗಲಿಗೆ ಬ್ಯಾಟರಿ ಪೆಟ್ಟಿಗೆ. ತಟ್ಟೆಯ ಹತ್ತಿರ ಲೋಹ ಬಂದರೆ ಪೆಟ್ಟಿಗೆ ಕೂಗುತ್ತಿತ್ತು.

ಎಮ್ಮೆಗೂ ಈ ಯಂತ್ರಕ್ಕೂ ಏನು ಸಂಬಂಧ ಎಂದು ನಾನೂ ಕೇಳಿದ್ದೆ. ಡಾಕ್ಟರು ವಿವರಿಸಿದರು. ಎಮ್ಮೆ, ಆಕಳುಗಳು ನಮ್ಮ ಹಾಗೆ ಅಗಿದು ನುಂಗುವುದಿಲ್ಲ. ಸಿಕ್ಕಿದ್ದನ್ನು ಗಬಗಬ ಒಳಗೆ ಹಾಕಿ ಆಮೇಲೆ ಬಿಡುವಾಗಿ ಮೆಲುಕು ಹಾಕುತ್ತವೆ. ಮೇವಿನ ಜೊತೆ ಒಂದು ಮೊಳೆಯೋ ತಂತಿಯೋ ಹೋದರೆ ಅದು ಹೊಟ್ಟೆಯ ಮುಂದಿನ ಒಂದು ಚೀಲದಲ್ಲಿ ಕೂಡುತ್ತದೆ. ಆ ಚೀಲಕ್ಕೂ ಹೃದಯಕ್ಕೂ ನಡುವೆ ತೆಳ್ಳನೆಯ ಒಂದು ಪರದೆ ಅಷ್ಟೇ. ಚೂಪಾದದ್ದು ಮುಂದಕ್ಕೆ ಸರಿಯತೊಡಗಿದರೆ ಎಮ್ಮೆ ಮೇವು ಬಿಡುತ್ತದೆ, ಬೆನ್ನು ಕಮಾನು ಮಾಡಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಇಳಿಯಲು ಹೆದರುತ್ತದೆ. ಹೃದಯಕ್ಕೆ ಚುಚ್ಚಿತೆಂದರೆ ಮುಗಿಯಿತು.

ಆ ದಿನ ಚಪ್ಪರದಲ್ಲಿ ನಿಂತಿದ್ದದ್ದು ಗಂಗಿ ಎಂಬ ಎಮ್ಮೆ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಮಲ್ಲವ್ವನದು. ತವರಿನಿಂದ ಕರುವಾಗಿ ಅವಳ ಜೊತೆ ಬಂದದ್ದು. ಒಂದು ವಾರದಿಂದ ಮೇವು ಮುಟ್ಟಿರಲಿಲ್ಲ. ಡಾಕ್ಟರು ಯಂತ್ರದ ತಟ್ಟೆಯನ್ನು ಅದರ ಎದೆಯ ಹತ್ತಿರ ತಂದರು. ಪೆಟ್ಟಿಗೆ ಕೂಗಿತು. ಮತ್ತೆ ತಂದರು, ಮತ್ತೆ ಕೂಗಿತು. ನೆರೆದವರು ಚಪ್ಪಾಳೆ ತಟ್ಟಿದರು. ಮಲ್ಲವ್ವ ತಟ್ಟಲಿಲ್ಲ.

ನಾನು ಶಿಸ್ತಿನ ವರದಿಗಾರನೆಂದು ನನಗೆ ಬಹಳ ಹೆಮ್ಮೆ ಇತ್ತು. ಎಮ್ಮೆಯ ವಯಸ್ಸು, ಸಮಯ, ಪೆಟ್ಟಿಗೆ ಕೂಗಿದ ಲೆಕ್ಕ, ಯಂತ್ರದ ಉದ್ದ ಎಲ್ಲ ಬರೆದುಕೊಂಡೆ. ಎಮ್ಮೆ ಅಲುಗದಂತೆ ನಿಲ್ಲಿಸುವ ಕಟಕಟೆಯನ್ನೂ ಬಿಡಲಿಲ್ಲ. 'ಬೆಳಗಾವಿಯ ಕಾರ್ಖಾನೆಯಲ್ಲಿ ಮಾಡಿಸಿದ, ಎರಡಿಂಚಿನ ಗಟ್ಟಿ ಕಬ್ಬಿಣದ ಪೈಪಿನ ಕಟಕಟೆಯಲ್ಲಿ ಎಮ್ಮೆಯನ್ನು ನಿಲ್ಲಿಸಿ ಪರೀಕ್ಷಿಸಲಾಯಿತು' ಎಂದು ಸುದ್ದಿಯಲ್ಲೇ ಬರೆದೆ. ಮರುದಿನ ಅದು ಹಾಗೆಯೇ ಅಚ್ಚಾಯಿತು. ತಲೆಬರಹ: 'ಎಮ್ಮೆಯ ಹೊಟ್ಟೆಯಲ್ಲಿ ಕಬ್ಬಿಣ: ಯಂತ್ರದಿಂದ ಪತ್ತೆ.' ಓದುಗರೇ, ತಪ್ಪು ನಿಮಗೆ ಈಗಲೇ ಕಂಡಿರಬೇಕು. ನನಗೆ ಕಾಣಲಿಲ್ಲ. ಡಾಕ್ಟರಿಗೂ ಕಾಣಲಿಲ್ಲ. ನಮ್ಮ ಕಡೆ ಓಣಿಗೊಂದು ಎರಕದ ಭಟ್ಟಿ, ಗೇಟು, ಗಾಡಿ, ಬೆಂಚು ಏನೇ ಬೇಕಾದರೂ ಕಬ್ಬಿಣದಲ್ಲೇ ಮಾಡಿಸುವುದು ರೂಢಿ. ಕಬ್ಬಿಣ ಕಣ್ಣಿಗೆ ಬೀಳುವುದನ್ನೇ ನಿಲ್ಲಿಸಿರುತ್ತದೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಕಚೇರಿಗೆ ಹೋದರೆ ನನ್ನ ಮೇಜಿನ ಮುಂದೆ ಮಲ್ಲವ್ವ ನಿಂತಿದ್ದಳು. ಕೈಯಲ್ಲಿ ನಾಲ್ಕು ಮಡಿಕೆಯ ನಮ್ಮ ಪತ್ರಿಕೆ.

"ನನ್ನ ಎಮ್ಮಿ ಹೊಟ್ಯಾಗ ಕಬ್ಬಣ ಐತಿ ಅಂತ ಬರದವ್ರು ನೀವ ಏನ್ರಿ?"

"ಹೌದ್ರೀ, ಕುಂದರ್ರಿ."

"ಕುಂದ್ರಾಕ ಬಂದಿಲ್ರಿ. ನೀವು ಹೊಟ್ಟಿ ತಗದು ನೋಡೀರೇನು?"

"ಇಲ್ರಿ. ಯಂತ್ರ ಹೇಳಿತು."

"ಯಂತ್ರ ಬರೇ ಒದರತೈತ್ರಿ. ಹೇಳಿದವ್ರು ನೀವು."

ನನ್ನ ಹುದ್ದೆಯ ಬಗ್ಗೆ ಅಷ್ಟು ಚಿಕ್ಕ, ಅಷ್ಟು ಸರಿಯಾದ ವ್ಯಾಖ್ಯೆಯನ್ನು ನಾನು ಆಮೇಲೂ ಕೇಳಿಲ್ಲ. ವಿಷಯ ಇಷ್ಟು: ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಮ್ಮ ಸುದ್ದಿಯನ್ನು ಯಾರೋ ಗಟ್ಟಿಯಾಗಿ ಓದಿದ್ದರು. ಮಲ್ಲವ್ವನ ಗಂಡ ಪರಸಪ್ಪ ಅದನ್ನು ಕೇಳಿ ಮನೆಗೆ ಬಂದು, ಪೇಪರಿನಲ್ಲೇ ಬಂದಿದೆ ಎಂದ ಮೇಲೆ ಎಮ್ಮೆ ಹೇಗೂ ಸಾಯುತ್ತದೆ, ಸಾಯುವ ಮೊದಲು ಕಟುಕರಿಗೆ ಕೊಟ್ಟುಬಿಡೋಣ ಎಂದು ಹಟ ಹಿಡಿದಿದ್ದ. ದಲ್ಲಾಳಿ ಒಮ್ಮೆ ಬಂದು ಗಂಗಿಯ ಬೆನ್ನು ಸವರಿ ಹೋಗಿದ್ದ. ಸಂತೆಯ ದಿನ ಮತ್ತೆ ಬರುವವನಿದ್ದ. ಸಂತೆಗೆ ಮೂರು ದಿನ ಉಳಿದಿತ್ತು.

"ನಮ್ಮನಿಯವ್ರು ನನ್ನ ಮಾತು ಕೇಳಂಗಿಲ್ರಿ, ಪೇಪರಿನ ಮಾತು ಕೇಳ್ತಾರ" ಎಂದಳು ಮಲ್ಲವ್ವ. "ಖರೇ ಇದ್ರ ನನ್ನ ಮುಂದ ತೋರಸ್ರಿ. ಸುಳ್ಳ ಇದ್ರ ಸುಳ್ಳ ಅಂತ ಬರೀರಿ. ಎರಡ್ರಾಗ ಒಂದು ಆಗೂ ತನಕ ನಾ ಇಲ್ಲೇ ನಿಂದರಾಕಿ."

ಸುಮ್ಮನೆ ಹೇಳಿದ ಮಾತಲ್ಲ. ಕಚೇರಿಯ ಜವಾನ ಕೊಟ್ಟ ಕುರ್ಚಿಯನ್ನು ಗೋಡೆಗೆ ಸರಿಸಿ ನಿಂತೇ ಇದ್ದಳು. ಮುಂದಿನ ಬಸ್ಸಿಗೆ ನಾನು ಅವಳ ಜೊತೆ ಖಾನಾಪುರಕ್ಕೆ ಹೊರಟೆ.

ಡಾಕ್ಟರ ಚಪ್ಪರದ ಮುಂದೆ ದನಗಳ ಜಾತ್ರೆಯೇ ನೆರೆದಿತ್ತು. ಸುದ್ದಿ ಓದಿದವರು, ಕೇಳಿದವರು ಎಲ್ಲ ತಮ್ಮ ಎಮ್ಮೆ, ಆಕಳು, ಎತ್ತುಗಳನ್ನು ಹೊಡೆದುಕೊಂಡು ಬಂದಿದ್ದರು. ಒಬ್ಬರು ಆಡನ್ನೂ ತಂದಿದ್ದರು. ಎಲ್ಲವುಗಳ ಹೊಟ್ಟೆಯಲ್ಲೂ ಯಂತ್ರ ಕಬ್ಬಿಣ ಕಂಡುಹಿಡಿದಿತ್ತು. ಡಾಕ್ಟರು ನನ್ನನ್ನು ಒಳಗೆ ಕರೆದು, ಖಾಲಿ ಕಟಕಟೆಯೊಳಗೆ ತಟ್ಟೆ ಹಿಡಿದು ತೋರಿಸಿದರು. ಪೆಟ್ಟಿಗೆ ಅದೇ ಹುರುಪಿನಿಂದ ಕೂಗಿತು.

"ನಿನ್ನಿ ಸಂಜೀಕ ಗೊತ್ತಾತು" ಎಂದರು. "ಕಟಕಟಿಗೇ ಆಪರೇಷನ್ ಮಾಡಬೇಕಾಗಿತ್ತು ನೋಡ್ರಿ."

"ಪೇಪರದಾಗ ಪೈಪಿಂದೂ ಬರದಾರ್ರಿ ಇವರು" ಎಂದ ಮೌಲಾಸಾಬ, ಬಹಳ ವಿನಯದಿಂದ. "ನಾ ಎರಡು ಸಲ ಓದಿದೆ. ನನಗೂ ಹೊಳೀಲಿಲ್ಲ."

ಹಾಗಾದರೆ ಗಂಗಿಯ ಹೊಟ್ಟೆಯಲ್ಲಿ ಕಬ್ಬಿಣ ಇದೆಯೋ ಇಲ್ಲವೋ? ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಮಾತ್ರ ಈಗ ಗೊತ್ತಾಗಿತ್ತು. ಮಲ್ಲವ್ವ ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಬೈಯುತ್ತಾಳೆ ಎಂದುಕೊಂಡೆ. "ಹಂಗಾರ ಹೊರಗ ನೋಡೂಣ ನಡೀರಿ" ಎಂದು ಮನೆಯಿಂದ ಗಂಗಿಯನ್ನು ಹೊಡೆದುಕೊಂಡು ಬಂದಳು. ಹಿಂದೆಯೇ ಪರಸಪ್ಪನೂ ಬಂದ.

ಹೊರಗೆ ನೋಡುವುದು ಸುಲಭವಿರಲಿಲ್ಲ. ಖಾನಾಪುರದ ಕೆಂಪು ಕಲ್ಲುನೆಲದಲ್ಲೇ ಕಬ್ಬಿಣದ ಅಂಶ ಇರುವುದರಿಂದ ಪೆಟ್ಟಿಗೆ ಹೆಜ್ಜೆಹೆಜ್ಜೆಗೂ ಗೊಣಗುತ್ತಿತ್ತು. ಮೊದಲು ಯಂತ್ರ ಸುಮ್ಮನಿರುವ ಜಾಗ ಹುಡುಕಬೇಕಾಯಿತು. ಡಾಕ್ಟರು ಮುಂದೆ, ಅವರ ಹಿಂದೆ ನಾನು, ಹಿಂದೆ ಮೌಲಾಸಾಬ, ಗಂಗಿ, ಮಲ್ಲವ್ವ, ಎಲ್ಲರಿಗಿಂತ ಹಿಂದೆ ಬೇಸರದ ಮುಖದ ಪರಸಪ್ಪ. ಮಲಪ್ರಭೆಯ ದಂಡೆಯ ಮರಳಿನಲ್ಲಿ ಪೆಟ್ಟಿಗೆ ಕೊನೆಗೂ ಬಾಯಿ ಮುಚ್ಚಿತು. ದಂಡೆಗೆ ಇಳಿಯುವ ಇಳಿಜಾರಿನಲ್ಲಿ ಗಂಗಿ ಹೆಜ್ಜೆ ಇಡಲು ಹೆದರಿ ಮೂರು ಸಲ ನಿಂತಿತು. ಡಾಕ್ಟರು ಅದನ್ನು ಗಮನಿಸಿದರು.

"ಲೋಹ ಅಂಬೂದು ಏನಿದ್ರೂ ತಗದು ದೂರ ಇಡ್ರಿ. ಈ ಯಂತ್ರಕ್ಕ ಕಬ್ಬಿಣ, ಬೆಳ್ಳಿ ಅನ್ನೂ ಭೇದ ಇಲ್ಲ" ಎಂದರು. ಗಂಗಿಯ ಸರಪಳಿ, ಕೊರಳ ಗಂಟೆ ಹೋದವು. ಮೌಲಾಸಾಬನ ಕೀಲಿಕೈ ಗೊಂಚಲು, ನನ್ನ ಗಡಿಯಾರ, ಪೆನ್ನು ಎಲ್ಲ ಒಂದು ಟವೆಲ್ಲಿನಲ್ಲಿ ಗಂಟಾಗಿ ದೂರ ಹೋದವು. ಉಳಿದದ್ದು ಮಲ್ಲವ್ವ. ಗಂಗಿ ಅವಳ ಕೈಯಲ್ಲಿ ಬಿಟ್ಟು ಬೇರೆ ಯಾರ ಕೈಯಲ್ಲೂ ನಿಲ್ಲುವಂತಿರಲಿಲ್ಲ. ಹಗ್ಗ ಹಿಡಿದು ಮುಂಗಾಲಿಗೆ ಅಂಟಿಕೊಂಡು ನಿಂತರೆ ಅವಳ ಕಾಲುಂಗುರಗಳು ತಟ್ಟೆಗೆ ಒಂದು ಗೇಣು ಅಂತರದಲ್ಲಿರುತ್ತಿದ್ದವು. ಡಾಕ್ಟರು ಅವಳ ಪಾದ ನೋಡಿದರು, ಆಕಾಶ ನೋಡಿದರು.

"ಕಾಲುಂಗುರ ತಗ್ಯಾಂಗಿಲ್ಲ" ಎಂದ ಪರಸಪ್ಪ. "ನಾ ಇನ್ನಾ ಜೀವಂತ ಅದೀನಿ."

ಮಲ್ಲವ್ವ ಮರಳಿನಲ್ಲಿ ಕುಳಿತು ನಾಲ್ಕೂ ಉಂಗುರ ಬಿಚ್ಚಿದಳು. ಎದ್ದು ಹೋಗಿ ಗಂಡನ ಅಂಗೈಯಲ್ಲಿ ಇಟ್ಟು ಅವನ ಬೆರಳುಗಳನ್ನು ಮಡಚಿದಳು. "ಜೀವಂತ ಅದೀರಿ ಅಂತನ ನಿಮ್ಮ ಕೈಯಾಗ ಕೊಡಾಕತ್ತೀನಿ. ಹಿಡಕೊಂಡು ಆ ಗಿಡದ ತನಕ ಹೋಗಿ ನಿಂದರ್ರಿ. ಕೆಲಸ ಮುಗದಮ್ಯಾಲ ನೀವ ಹಾಕ್ರಿ."

ಪರಸಪ್ಪ ಹೋಗಿ ಗಿಡದ ಕೆಳಗೆ ನಿಂತ. ಮುಷ್ಟಿ ಬಿಗಿಹಿಡಿದುಕೊಂಡಿದ್ದ.

ಡಾಕ್ಟರು ಮೊದಲು ಗಂಗಿಯ ಬಲಪಕ್ಕೆಗೆ ತಟ್ಟೆ ಹಿಡಿದರು. ಪೆಟ್ಟಿಗೆ ಸುಮ್ಮನಿತ್ತು. ಹಿಂದೆ, ಮೇಲೆ, ಹೊಟ್ಟೆಯ ಕೆಳಗೆ, ಎಲ್ಲ ಕಡೆ ಸುಮ್ಮನೆ. ಎಡಗಡೆ ಮುಂಗಾಲಿನ ಮೊಣಕೈಯ ಹಿಂದೆ ತಂದರು. ಕೂಗಿತು. ಸರಿಸಿದರು, ನಿಂತಿತು. ಮತ್ತೆ ತಂದರು, ಕೂಗಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ನಾನಾಗಿದ್ದರೆ ಅಲ್ಲಿಗೇ ಸುದ್ದಿ ಮುಗಿಸುತ್ತಿದ್ದೆ. ಡಾಕ್ಟರು ಮುಗಿಸಲಿಲ್ಲ. "ಕಬ್ಬಿಣ ಅದ ಅನ್ನೂದು ಆತು. ಭಾಳ ಎಮ್ಮಿಗಳ ಹೊಟ್ಟ್ಯಾಗ ಒಂದೆರಡು ಮೊಳಿ ಇರತಾವ, ಆರಾಮಾಗಿ ಮುದುಕಿ ಆಗತಾವ. ಇದ್ದದ್ದು ಚುಚ್ಚಾಕತ್ತದೋ ಇಲ್ಲೋ ಯಂತ್ರಕ್ಕ ತಿಳಿಯಂಗಿಲ್ಲ" ಎಂದು ಒಂದು ಬಿದಿರಿನ ಗಳ ತರಿಸಿದರು. ಅದನ್ನು ಗಂಗಿಯ ಎದೆಯ ಕೆಳಗೆ ಅಡ್ಡ ಹಿಡಿದು ಈ ಕಡೆ ನಾನು, ಆ ಕಡೆ ಮೌಲಾಸಾಬ ಮೆಲ್ಲಗೆ ಮೇಲಕ್ಕೆತ್ತಿ ಒತ್ತಿದೆವು. ಗಂಗಿ ನರಳಿತು. ಎಮ್ಮೆ ಹಾಗೆ ನರಳುವುದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಮಲ್ಲವ್ವ ಅದರ ಹಣೆಗೆ ತನ್ನ ಹಣೆ ಒತ್ತಿಕೊಂಡಳು.

ಒಂದೇ ಮೂಲವನ್ನು ನಂಬಿ ಸುದ್ದಿ ಬರೆಯಬಾರದು ಎಂದು ನಮ್ಮ ಕಚೇರಿಯಲ್ಲಿ ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವನು ನಾನೇ. ಅದನ್ನು ಪಾಲಿಸುವುದು ಹೇಗೆಂದು ಒಂದು ಬಿದಿರಿನ ಗಳ ಹಿಡಿದು ಕಲಿಯಬೇಕಾಯಿತು. ಯಂತ್ರ ಕಬ್ಬಿಣವಿದೆ ಎಂದಿತು, ಬಿದಿರು ನೋವಿದೆ ಎಂದಿತು. ಎರಡೂ ಸೇರಿದ ಮೇಲೆ ಡಾಕ್ಟರು ಬಾಯಿ ಬಿಟ್ಟರು.

"ಎದಿ ಇನ್ನೂ ಬಾತಿಲ್ಲ. ಇವತ್ತ ಕೊಯ್ದರ ಉಳಿಯೂ ಆಸೆ ಅದ. ವಾರ ಬಿಟ್ಟರ ನನ್ನ ಕಡೆ ತರಬ್ಯಾಡ್ರಿ."

ಪರಸಪ್ಪ ಗಿಡದ ಕೆಳಗಿನಿಂದಲೇ, "ಕೊಯ್ಯೂದು ಬ್ಯಾಡ. ಪೇಪರಿನಾಗ ಬಂದದ್ದು ಖರೇ ಆತಲ್ಲ, ಸಂತಿಗೆ ಕೊಡೂಣು" ಎಂದ.

"ಪೇಪರಿನವ್ರು ಇಲ್ಲೇ ಅದಾರ, ಸಂತಿಗೆ ಕೊಡ್ರಿ ಅಂತ ಬರದೀರೇನು ಅಂತ ಕೇಳ್ರಿ ಅವ್ರನ್ನ" ಎಂದಳು ಮಲ್ಲವ್ವ, ತಿರುಗಿಯೂ ನೋಡದೆ. ನಾನು ಹಾಗೆ ಬರೆದಿಲ್ಲ ಎಂದೆ. ಆ ವಾರ ನಾನು ಹೇಳಿದ ಪೂರ್ತಿ ನಿಜವಾದ ಮಾತು ಅದೊಂದೇ. "ಡಾಕ್ಟರ್ರ, ಇವತ್ತ ಮಾಡ್ರಿ" ಎಂದಳು.

ಕಬ್ಬಿಣದ ಕಟಕಟೆಗೆ ಅದರ ಸರಿಯಾದ ಕೆಲಸ ಸಿಕ್ಕಿತು. ಗಂಗಿಯನ್ನು ಅದರಲ್ಲಿ ನಿಲ್ಲಿಸಿ ಎಡಪಕ್ಕೆ ಮರಗಟ್ಟುವಂತೆ ಸೂಜಿ ಹಾಕಿ ಡಾಕ್ಟರು ಕೊಯ್ದರು. ಆಮೇಲೆ ಉದ್ದನೆಯ ಕೈಗವಸು ತೊಟ್ಟು ಭುಜದವರೆಗೂ ಕೈ ಒಳಗೆ ಹಾಕಿ, ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಹುಡುಕತೊಡಗಿದರು. ಕೊನೆಗೆ ಉಳಿಯುವ ಯಂತ್ರ ಅದೇ, ಐದು ಬೆರಳು. ಮೊದಲು ಒಂದು ಮೊಂಡು ಮೊಳೆ ಬಂತು. ಆಮೇಲೆ ಇನ್ನೊಂದು. ಅವು ಸುಮ್ಮನೆ ಬಿದ್ದಿದ್ದವು ಎಂದರು. ಮೂರನೆಯದು ಬರಲು ಹೊತ್ತು ಹಿಡಿಯಿತು. ಅದು ಚೀಲದ ಮುಂದಿನ ಗೋಡೆಗೆ ಕಚ್ಚಿಕೊಂಡಿತ್ತು. ಬಿಡಿಸಿ ತಂದು ಪಿಂಗಾಣಿ ಬಟ್ಟಲಿನಲ್ಲಿ ಹಾಕಿದರು. ಬೆರಳುದ್ದದ ಕಪ್ಪು ತಂತಿ. ಒಂದು ತುದಿಯಲ್ಲಿ ಮೂರು ಸುತ್ತು ಹುರಿ, ಆಮೇಲೆ ಬಾಲವನ್ನು ಮೀನಿನ ಗಾಳದಂತೆ ಹಿಂದಕ್ಕೆ ಮಡಚಲಾಗಿತ್ತು.

ನಾನು ನೋಟುಬುಕ್ಕು ಮಡಚಿ ಬಟ್ಟಲಿನ ಮೇಲೆ ಬಗ್ಗಿದೆ. ಆ ಮೂರು ಸುತ್ತು, ಆ ಮಡಿಕೆ ನನಗೆ ಪರಿಚಯದವು. ನಮ್ಮ ಪತ್ರಿಕೆಯ ಕಟ್ಟು ಕಟ್ಟುವ ಶಿವಪುತ್ರ ಪ್ರತಿ ಕಟ್ಟಿಗೂ ಹಾಕುತ್ತಿದ್ದದ್ದು ಅದೇ. ಊರೂರಿಗೆ ಬಸ್ಸಿನಲ್ಲಿ ಹೋಗುವ ಕಟ್ಟುಗಳನ್ನು ಅವನು ತಂತಿಯಿಂದ ಬಿಗಿದು, ಇಕ್ಕಳದಿಂದ ಮೂರು ಸುತ್ತು ತಿರುವಿ, ಎತ್ತುವವರ ಕೈಗೆ ಚುಚ್ಚಬಾರದೆಂದು ತುದಿಯನ್ನು ಹಿಂದಕ್ಕೆ ಮಡಚುತ್ತಿದ್ದ. ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟರು ತಂತಿ ಕತ್ತರಿಸಿ ಹೊದಿಕೆಯ ಕಾಗದದ ಜೊತೆ ಅಲ್ಲೇ ಎಸೆಯುತ್ತಿದ್ದರು. ಹೊದಿಕೆಯ ಮೇಲೆ ಊರಿನ ಹೆಸರಿನ ಚೀಟಿ. ಚೀಟಿಗೆ ಮೈದಾ ಹಿಟ್ಟಿನ ಅಂಟು. ಮೈದಾ ಅಂಟಿನ ರುಚಿ ಹತ್ತಿದ ಎಮ್ಮೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲೇ ಇತ್ತು. ಸುದ್ದಿಯನ್ನು ಹುಡುಕಿಕೊಂಡು ನಾನು ಖಾನಾಪುರಕ್ಕೆ ಹೋಗಿದ್ದೆ. ನಾವು ಅದನ್ನು ಬಹಳ ಮೊದಲೇ ಬಸ್ಸಿಗೆ ಹಾಕಿ ಕಳಿಸಿದ್ದೆವು.

ಮಲ್ಲವ್ವನಿಗೆ ಹೇಳಿದೆ. ಹೇಳದೆ ಬಸ್ಸು ಹತ್ತಬಹುದಾಗಿತ್ತು, ಅದೂ ಮನಸ್ಸಿಗೆ ಬಂದಿತ್ತು. ಆಕೆ ತಂತಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಇದನ್ನೂ ಬರೀರಿ" ಎಂದಳು. ಆಮೇಲೆ ಹೊರಗೆ ಕಟ್ಟೆಯ ಮೇಲೆ ಪರಸಪ್ಪ ಅವಳನ್ನು ಕೂರಿಸಿ, ಎಲ್ಲರ ಎದುರಿಗೆ ತಲೆ ಬಗ್ಗಿಸಿಕೊಂಡು ಕಾಲುಂಗುರ ತೊಡಿಸಿದ. ಒಂದು ಉಂಗುರವನ್ನು ತಪ್ಪು ಬೆರಳಿಗೆ ಹಾಕಿದ. "ಮದವಿ ದಿನಾನೂ ಹಿಂಗ ಮಾಡಿದ್ರಿ" ಎಂದು ಮಲ್ಲವ್ವ ಮೊದಲ ಸಲ ನಕ್ಕಳು.

ಬರೆಯುವುದು ನನ್ನ ಕೈಯಲ್ಲಿತ್ತು, ಅಚ್ಚು ಹಾಕಿಸುವುದು ಇರಲಿಲ್ಲ. ನಮ್ಮ ಮುಖ್ಯ ಉಪಸಂಪಾದಕರು ನನ್ನ ತಿದ್ದುಪಡಿಯ ಚೀಟಿ ಓದಿ ಕನ್ನಡಕ ತೆಗೆದರು. "ಎಮ್ಮಿ ಹೊಟ್ಟ್ಯಾಗ ಕಬ್ಬಿಣ ಅದ ಅಂತ ಬರದಿದ್ರಿ. ಇತ್ತು. ತಿದ್ದುಪಡಿ ಯಾವುದಕ್ಕ?" ಎಂದರು. ನ್ಯಾಯವಾದ ಪ್ರಶ್ನೆ. ಸುದ್ದಿ ಸರಿಯಾದದ್ದು ನನ್ನ ಪುಣ್ಯ, ನನ್ನ ಕೆಲಸವಲ್ಲ ಎಂದೆ. ಕಟಕಟೆಯಲ್ಲಿ ಕಲ್ಲು ನಿಲ್ಲಿಸಿದ್ದರೂ ನಾನು ಅದನ್ನೇ ಬರೆಯುತ್ತಿದ್ದೆ. ಅವರು ತಂತಿಯ ಸಾಲಿನ ಮೇಲೆ ಗೆರೆ ಎಳೆದರು. ಮರುದಿನ ನಾನು ಅದನ್ನೇ ಮತ್ತೆ ಬರೆದುಕೊಟ್ಟೆ. ಮತ್ತೆ ಗೆರೆ. ಮೂರನೆಯ ದಿನ ಚೀಟಿಯ ಜೊತೆ ತಂತಿಯನ್ನೂ ಅವರ ಮೇಜಿನ ಮೇಲೆ ಇಟ್ಟೆ. ಅವರು ಊಟದ ಡಬ್ಬಿ ಬಿಚ್ಚುವ ಹೊತ್ತು. ತಂತಿಯನ್ನು ತೊಳೆದಿದ್ದೆ, ಆದರೂ ಕೆಲಸ ಆಯಿತು. ಅಚ್ಚಾದದ್ದು ಹೀಗೆ:

'ಖಾನಾಪುರದ ಎಮ್ಮೆಯ ಕುರಿತು ನಾವು ವರದಿ ಮಾಡಿದ ಪರೀಕ್ಷೆಯು ಕಬ್ಬಿಣದ ಕಟಕಟೆಯೊಳಗೆ ನಡೆದಿದ್ದರಿಂದ ಅದು ಪರೀಕ್ಷೆಯಾಗಿರಲಿಲ್ಲ. ಹೊರಗೆ ಮತ್ತೆ ಪರೀಕ್ಷಿಸಿ ಶಸ್ತ್ರಚಿಕಿತ್ಸೆ ಮಾಡಲಾಗಿ ಎರಡು ಮೊಳೆ, ಒಂದು ತಂತಿ ದೊರೆತಿವೆ. ತಂತಿ ಈ ಪತ್ರಿಕೆಯ ಕಟ್ಟಿನದು. ಎಮ್ಮೆ ಮೇಯುತ್ತಿದೆ.'

ಕೊನೆಯ ಎರಡು ಪದ ಅನಗತ್ಯವೆಂದು ಉಪಸಂಪಾದಕರು ಹೇಳಿದ್ದರು. ಚಹಾದಂಗಡಿಯಲ್ಲಿ ಗಟ್ಟಿಯಾಗಿ ಓದುವವರಿಗೆ ಅವೇ ಬೇಕು ಎಂದು ನಾನು ಬಿಟ್ಟುಕೊಡಲಿಲ್ಲ. ದಲ್ಲಾಳಿ ಮತ್ತೆ ಬರಲಿಲ್ಲವಂತೆ.

ಕಷ್ಟವಾದದ್ದು ಶಿವಪುತ್ರನಿಗೆ ಹೇಳುವುದು. "ಕೈಗೆ ಚುಚ್ಚಬಾರದಂತ ಮಡಚ್ತಿದ್ನಲ್ರಿ ಸರ" ಎಂದು ತಂತಿಯ ಮಡಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಸುತಳಿಗೆ ಬದಲಾಯಿಸಿದ. ಮೊದಲ ವಾರ ಕಟ್ಟುಗಳು ದಾರಿಯಲ್ಲೇ ಬಿಚ್ಚಿಕೊಂಡು ಊರೂರಿಂದ ದೂರು ಬಂದವು. ತಂತಿಗೆ ಮರಳೋಣ ಎಂದರು ಮೇಲಿನವರು. ಶಿವಪುತ್ರ ಒಪ್ಪಲಿಲ್ಲ. ಹೊಸ ಗಂಟು ಕಲಿತ.

ಗಾಯ ಮಾಯ್ದ ಮೇಲೆ ಡಾಕ್ಟರು ನನ್ನನ್ನು ಮತ್ತೆ ಕರೆಸಿದರು. ಅದೇ ಮರಳು, ಅದೇ ಗಿಡ, ಅದರ ಕೆಳಗೆ ಉಂಗುರ ಹಿಡಿದು ನಿಂತ ಪರಸಪ್ಪ. ಈ ಸಲ ಯಾರೂ ಹೇಳದೆ ತಾನೇ ಹೋಗಿ ನಿಂತಿದ್ದ. ಗಂಗಿ ಇಳಿಜಾರನ್ನು ಓಡುತ್ತ ಇಳಿದಿತ್ತು. ತಟ್ಟೆ ಎಡ ಮೊಣಕೈಯ ಹಿಂದೆ ಬಂತು. ಪೆಟ್ಟಿಗೆ ಸುಮ್ಮನಿತ್ತು. ಎರಡು ಸಲ, ಮೂರು ಸಲ, ಸುಮ್ಮನೆ. ಏನೂ ಕೇಳಿಸದಿರುವುದನ್ನು ಅಷ್ಟು ಆಸೆಯಿಂದ ಕೇಳಿದ್ದು ನನಗೆ ನೆನಪಿಲ್ಲ. ಇದನ್ನು ಬರೆದುಕೊಳ್ಳಲೇಬೇಕೆಂದು ಹತ್ತಿರ ಬಗ್ಗಿದೆ. ಪೆಟ್ಟಿಗೆ ಒಮ್ಮೆಲೇ ಕೂಗಿಕೊಂಡಿತು.

ಡಾಕ್ಟರು ಬಿಳಿಚಿಕೊಂಡರು. ಮೌಲಾಸಾಬ ಗಂಗಿಯ ಮೂಗು ಬಿಟ್ಟ. ಮಲ್ಲವ್ವ ಮಾತ್ರ ಗಂಗಿಯನ್ನು ನೋಡಲಿಲ್ಲ. ನನ್ನ ಕೈಯಲ್ಲಿದ್ದ ಉಕ್ಕಿನ ಪೆನ್ನನ್ನು ನೋಡಿದಳು.

"ಕಬ್ಬಣ ಈಗ ನಿಮ್ಮ ಕಡೆ ಐತ್ರಿ" ಎಂದಳು. "ದೂರ ನಿಂತು ಬರೀರಿ."

ಪರಸಪ್ಪನ ಪಕ್ಕಕ್ಕೆ ಹೋಗಿ ನಿಂತು ಬರೆದೆ.